ಶೋರೂಮಿನಲ್ಲಿ ಟವೆಲ್ ಎಲ್ಲಿ ಹೊದಿಸೋದು?

ಮಂಡ್ಯ ಸೀಮೆಯವರಿಗೆ ಚೌಕಾಸಿ ಹೇಳಿಕೊಡುವಷ್ಟು ದೊಡ್ಡ ಮನುಷ್ಯ ಇನ್ನೂ ಹುಟ್ಟಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಒಮ್ಮೆ ಹೋಗಿ ನೋಡಿ. ಕಾಯಿಗೆ ಐವತ್ತು ಪೈಸೆ ಆಚೀಚೆಯಾದರೂ ಲೋಡಾದ ಗಾಡಿ ಜಾಗ ಬಿಟ್ಟು ಕದಲುವುದಿಲ್ಲ. ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲದ ಅಚ್ಚು ಮುರಿದು ಒಂದು ಚೂರು ನಾಲಗೆಯ ಮೇಲಿಟ್ಟುಕೊಂಡರೆ ಸಾಕು, ಆಲೆಮನೆಯವನು ಪಾಕ ಎಷ್ಟು ಹೊತ್ತು ಕಾಯಿಸಿದ, ಕೊಪ್ಪರಿಗೆಗೆ ಏನೇನು ಸುರಿದ ಅನ್ನುವುದೆಲ್ಲ ಬಯಲಾಗುತ್ತದೆ. ಇನ್ನು ಮಳವಳ್ಳಿ ತಾಲ್ಲೂಕಿನ ಬಂಡೂರು ಊರಿನ ಹೆಸರು ಹೊತ್ತ ಆ ಗಿಡ್ಡ ಕುರಿಯ ವ್ಯಾಪಾರ. ಬೆನ್ನಿನ ಮೇಲೆ ಕೈಯಾಡಿಸಿ, ಬಾಲದ ಬುಡ ಒತ್ತಿ, ‘ಹದಿನೆಂಟು ಕೇಜಿ ಬೀಳ್ತದೆ ಬುಡ್ಲಾ’ ಅಂದುಬಿಟ್ಟರೆ ತಕ್ಕಡಿಗೆ ಕೆಲಸವೇ ಇಲ್ಲ.

ದನದ ಜಾತ್ರೆಯ ಮಾತಂತೂ ಕೇಳಲೇಬೇಡಿ. ಹೇಮಗಿರಿಯಲ್ಲೋ ಮುಡುಕುತೊರೆಯಲ್ಲೋ ಹಳ್ಳಿಕಾರ್ ಜೋಡಿಯ ಮುಂದೆ ನಮ್ಮ ಗೌಡರು ನಿಂತರೆಂದರೆ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ? ಆಮೇಲೆ ಸುಳಿ, ಗೊರಸು, ಹಿಂದಿನಿಂದ ನಡಿಗೆ. ಇಷ್ಟಾದ ಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಗೂ ಹೊದಿಸುತ್ತಾನೆ. ಅದರ ಕೆಳಗೆ ಬೆರಳುಗಳು ಮಾತಾಡುತ್ತವೆ, ಮೇಲೆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಸುತ್ತ ನಿಂತ ಇಪ್ಪತ್ತು ಜನರಿಗೆ ಬೆಲೆ ಗೊತ್ತಾಗದ ಹಾಗೆ ವ್ಯಾಪಾರ ಮುಗಿಯುತ್ತದೆ. ಹಗ್ಗ ಕೈ ಬದಲಾಯಿಸುವಾಗಲೂ ‘ಮೂಗುದಾರ ಹೊಸದು ಹಾಕ್ಕೊಡು’ ಅಂತ ಒಂದು ಕೊಸರು ಕೇಳದಿದ್ದರೆ ಗೌಡರಿಗೆ ಊಟ ಸೇರುವುದಿಲ್ಲ.

ಇಂಥ ಗೌಡರನ್ನು ಒಂದು ಕಾರು ಶೋರೂಮಿನ ಗಾಜಿನ ಬಾಗಿಲಿನೊಳಕ್ಕೆ ಬಿಟ್ಟು ನೋಡಿ.

ನಮ್ಮ ದೊಡ್ಡಪ್ಪ ಮಂಡ್ಯದ ಒಂದು ಶೋರೂಮಿನ ಬಾಗಿಲಲ್ಲಿ ಮೊದಲು ಮಾಡಿದ ಕೆಲಸ ಚಪ್ಪಲಿ ಬಿಟ್ಟದ್ದು. ‘ಹಾಕ್ಕೊಂಡೇ ಬನ್ನಿ ಸಾರ್’ ಅಂತ ಟೈ ಕಟ್ಟಿದ ಹುಡುಗ ಎಷ್ಟು ಕರೆದರೂ ಕೇಳಲಿಲ್ಲ. ‘ನೆಲ ಅಂಗೆ ಹೊಳೀತಾ ಅದೆ, ಬುಡಪ್ಪ’ ಅಂದರು. ಒಳಗೆ ತಣ್ಣನೆ ಏಸಿ, ಕೈಗೊಂದು ಸಣ್ಣ ಲೋಟದ ಕಾಫಿ, ಮಾತಿಗೊಂದು ಸಾರ್. ಅರ್ಧ ಗಂಟೆಯಲ್ಲಿ ಅವರು ಬಾಯಿ ಬಿಟ್ಟದ್ದು ಒಂದೇ ಸಲ, ಅದೂ ‘ಸಕ್ಕರೆ ಕಮ್ಮಿ’ ಅನ್ನಲು. ಹುಡುಗ ಬೆಲೆ ಹೇಳಿದ, ದೊಡ್ಡಪ್ಪ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ‘ಯಾಕೆ ದೊಡ್ಡಪ್ಪ, ಒಂದು ಮಾತೂ ಕೇಳಲಿಲ್ಲ?’ ಅಂದರೆ, ‘ಕಂಪ್ಯೂಟ್ರಲ್ಲಿ ಬಂದದ್ದ ಎಂಗ್ಲಾ ಕಮ್ಮಿ ಮಾಡು ಅನ್ನೋದು? ಅಲ್ಲಿ ಟವೆಲ್ ಎಲ್ಲಿ ಒದಿಸೋದು?’ ಅಂತ ನನಗೇ ಕೇಳಿದರು.

ಇದು ದೊಡ್ಡಪ್ಪನೊಬ್ಬರ ರೋಗವಲ್ಲ. ‘ಇಂಡಿಯಾ ಅಂದ್ರೆ ಮಂಡ್ಯ’ ಎಂದು ಎದೆ ತಟ್ಟಿಕೊಳ್ಳುವ ಗಂಡಸರೆಲ್ಲ ಶೋರೂಮಿನ ಸೋಫಾದ ಮೇಲೆ ಕುಂಡಿ ಊರಿದ ಕೂಡಲೇ ಬೀಗರ ಮನೆಗೆ ಮೊದಲ ಸಲ ಬಂದ ಅಳಿಯಂದಿರಾಗುತ್ತಾರೆ. ಅಚ್ಚಾದ ಕಾಗದಕ್ಕೆ ನಮ್ಮಲ್ಲಿ ಅಷ್ಟು ಭಯ. ಆ ಭಯದ ಮೇಲೆಯೇ ಆ ಕಟ್ಟಡದ ಕರೆಂಟ್ ಬಿಲ್ಲು ನಡೆಯುವುದು.

ಶೋರೂಮಿನವರೂ ಒಮ್ಮೊಮ್ಮೆ ಪೆಟ್ಟು ತಿನ್ನುತ್ತಾರೆ, ಇಲ್ಲವೆನ್ನುವುದಿಲ್ಲ. 2022ರ ಜನವರಿಯಲ್ಲಿ ತುಮಕೂರಿನಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಸರಕು ಗಾಡಿ ಕೇಳಲು ಬಂದ ರೈತರ ಬಟ್ಟೆ ನೋಡಿ ಶೋರೂಮಿನ ಹುಡುಗ, ಜೇಬಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಅನ್ನುವ ಧಾಟಿಯಲ್ಲಿ ಹಗುರವಾಗಿ ಮಾತಾಡಿದ. ರೈತರು ಹೋಗಿ ಒಂದು ಗಂಟೆಯೊಳಗೆ ಹತ್ತು ಲಕ್ಷ ತಂದು, ಕೊಡಪ್ಪ ಗಾಡಿ ಅಂದರು. ಕೊಡಲು ಶೋರೂಮಿನವರ ಬಳಿ ಗಾಡಿಯೇ ಇರಲಿಲ್ಲ. ಮಾತು ಪೊಲೀಸ್ ಠಾಣೆಯವರೆಗೆ ಹೋಯಿತು, ಕ್ಷಮೆಯೂ ಬಂತು. ಇಡೀ ಕರ್ನಾಟಕ ಶಿಳ್ಳೆ ಹೊಡೆಯಿತು, ನಮ್ಮೂರ ಅರಳಿಕಟ್ಟೆಯೂ ಹೊಡೆಯಿತು. ಆದರೆ ಅರಳಿಕಟ್ಟೆಯವರಿಗೆ ಒಂದು ವಿಷಯ ತಿಳಿದಿರಲಿ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ 2017ರಿಂದ ಆದಾಯ ತೆರಿಗೆ ಕಾಯ್ದೆಯೇ ಅಡ್ಡ ನಿಂತಿದೆ. ದಂಡ ಬೀಳುವುದು ಪಡೆದವನಿಗೆ. ಗೋಣಿಚೀಲದಲ್ಲಿ ನೋಟು ಸುರಿದು ಮೀಸೆ ತಿರುವುವ ಕನಸನ್ನು ಸಿನಿಮಾದವರಿಗೆ ಬಿಟ್ಟುಕೊಟ್ಟು, ನಾವು ಬ್ಯಾಂಕಿನ ಡಿಡಿ ಹಿಡಿದೇ ಮೀಸೆ ತಿರುವೋಣ.

ಈಗ ಆ ಕೊಟೇಷನ್ ಕಾಗದವನ್ನು ಕೈಗೆತ್ತಿಕೊಳ್ಳಿ. ಎತ್ತಿನ ಬಾಯಿ ಬಿಡಿಸಿದ ಹಾಗೆಯೇ ಬಿಡಿಸಬೇಕು ಇದನ್ನು.

ಮೊದಲ ಹಲ್ಲು ಎಕ್ಸ್ ಶೋರೂಮ್ ದರ. ಇದನ್ನು ಕಟ್ಟುವುದು ಕಂಪನಿ. ಡೀಲರ್ ಇದನ್ನು ತಿದ್ದುವುದಿಲ್ಲ, ಕೆಳಗೆ ಡಿಸ್ಕೌಂಟ್ ಅಂತ ಬೇರೆ ಸಾಲಿನಲ್ಲಿ ಕಳೆಯುತ್ತಾನೆ. ಜಿಎಸ್‌ಟಿ ಇದರೊಳಗೇ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೂ 1500 ಸಿಸಿ ಮೀರದ ಡೀಸೆಲ್ ಕಾರಿಗೂ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಅವತ್ತು ನವರಾತ್ರಿಯ ಮೊದಲ ದಿನ ಬೇರೆ. ಅಂಥ ಹೊತ್ತಿನಲ್ಲಿ ನೀವು ಡಿಸ್ಕೌಂಟ್ ಕೇಳಿದರೆ ‘ಸರ್ಕಾರವೇ ಕಮ್ಮಿ ಮಾಡೈತಲ್ಲ ಸಾರ್, ಇನ್ನು ನಾವೇನು ಮಾಡೋದು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಸರ್ಕಾರ ಬಿಟ್ಟದ್ದು ಸರ್ಕಾರದ್ದು, ನೀನು ಬಿಡೋದು ಎಷ್ಟು ಅಂತ ಕೇಳಿ.

ಎರಡನೆಯದು ರೋಡ್ ಟ್ಯಾಕ್ಸ್. ಇದು ಆರ್‌ಟಿಒ ಪಾಲು, ಚೌಕಾಸಿಗೆ ಬಗ್ಗುವುದಿಲ್ಲ, ಆದರೆ ಬುದ್ಧಿಗೆ ಬಗ್ಗುತ್ತದೆ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ 17, ಅದರ ಮೇಲೆ ಸೆಸ್. ಸೆಸ್ ಬಿಟ್ಟು ಲೆಕ್ಕ ಹಾಕಿ: 9 ಲಕ್ಷ 90 ಸಾವಿರದ ಗಾಡಿಗೆ ತೆರಿಗೆ 1,38,600 ರೂಪಾಯಿ. 10 ಲಕ್ಷ 10 ಸಾವಿರದ ಗಾಡಿಗೆ 1,71,700. ಮೇಲೊಂದು ಕಿಂಡಿ, ಸ್ಟೀರಿಂಗಿಗೊಂದು ಚರ್ಮದ ಹೊದಿಕೆ ಅಂತ ಇಪ್ಪತ್ತು ಸಾವಿರ ಏರಿಸಿಕೊಂಡರೆ ತೆರಿಗೆಯೇ 33,100 ಏರುತ್ತದೆ. ಹತ್ತು ಲಕ್ಷ ಮೀರಿದ ಗಾಡಿಗೆ ಟಿಸಿಎಸ್ ಅಂತ ಶೇ 1 ಬೇರೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಹಾಕಿದರೆ ಲೆಕ್ಕಕ್ಕೆ ಬರುತ್ತದೆ. ‘ಟಾಪ್ ಎಂಡ್ ತಗೊಳ್ಳಿ ಸಾರ್, ಸ್ವಲ್ಪವೇ ಡಿಫರೆನ್ಸು’ ಅನ್ನುವಾಗ ಹುಡುಗ ಈ ಲೆಕ್ಕ ಹೇಳುವುದಿಲ್ಲ. ಅದು ಅವನ ಕೆಲಸವೂ ಅಲ್ಲ.

ಮೂರನೆಯದು ವಿಮೆ. ಇಲ್ಲಿದೆ ನೋಡಿ ನಿಜವಾದ ಜಾತ್ರೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸುಪ್ರೀಂ ಕೋರ್ಟಿನ ಆದೇಶ. ಅದರ ದರ ಸರ್ಕಾರವೇ ಗೊತ್ತುಮಾಡಿದ್ದು, ಎಲ್ಲಿ ಕೊಂಡರೂ ಒಂದೇ. ಗಾಡಿಗೇ ಪೆಟ್ಟಾದರೆ ಕೊಡುವ ಒಂದು ವರ್ಷದ ಭಾಗ ಇದೆಯಲ್ಲ, ಅದರಲ್ಲೂ ಅದಕ್ಕೆ ಅಂಟಿಸುವ ಝೀರೋ ಡೆಪ್, ಇಂಜಿನ್ ಪ್ರೊಟೆಕ್ಟ್ ಇತ್ಯಾದಿಗಳಲ್ಲೂ ಅಂತರ ಇರುವುದು. ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನು ಇಲ್ಲ. ಇದೇ ಗಾಡಿಗೆ ಹೊರಗೆ ಒಂದು ದರ ತಂದು ಮೇಜಿನ ಮೇಲಿಡಿ, ಶೋರೂಮಿನ ದರ ತಾನಾಗಿ ಕೆಳಗಿಳಿಯುವ ಚಂದ ನೋಡಬಹುದು. ಹಳೇ ಕಾರಿನ ಮೇಲೆ ಕ್ಲೇಮ್ ಮಾಡದೆ ಕೂಡಿಸಿಟ್ಟ ನೋ ಕ್ಲೇಮ್ ಬೋನಸ್ ನಿಮ್ಮದೇ, ಆ ಕಾರಿನದಲ್ಲ. ಶೇ 50ರವರೆಗೂ ಇರಬಹುದಾದ ಅದನ್ನು ಹೊಸ ಗಾಡಿಗೆ ತರಬಹುದು. ಎಷ್ಟೋ ಜನ ಹಳೇ ಕಾರಿನ ಜೊತೆಗೆ ಅದನ್ನೂ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ನಾಲ್ಕನೆಯ ಸಾಲಿಗೆ ಬಂದಾಗ ಕನ್ನಡಕ ಒರೆಸಿಕೊಳ್ಳಿ. ಹ್ಯಾಂಡ್ಲಿಂಗ್ ಚಾರ್ಜ್, ಕೆಲವು ಕಡೆ ಲಾಜಿಸ್ಟಿಕ್ಸ್ ಚಾರ್ಜ್. ಗಾಡಿಯನ್ನು ಡಿಪೋದಿಂದ ಶೋರೂಮಿಗೆ ತಂದದ್ದಕ್ಕಂತೆ. ಅವರ ಅಂಗಡಿಗೆ ಅವರ ಸರಕು ತಂದುಕೊಂಡ ಬಾಡಿಗೆ ನಮ್ಮ ತಲೆಗೆ! ಮಾತಿಗೆ ಹದಿನೈದು ಸಾವಿರ ಅಂತಿಟ್ಟುಕೊಳ್ಳಿ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ಇಳುವರಿ ಶೇ 10.25 ಬಂದರೆ, ಟನ್ನಿಗೆ 3,550 ರೂಪಾಯಿ. ಅಂದರೆ ನಾಲ್ಕು ಟನ್‌ಗೂ ಮೇಲೆ ಕಬ್ಬು ಕಡಿದು, ಕಟ್ಟಿ, ಗಾಡಿಗೆ ತುಂಬಿ, ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತು, ಬಿಲ್ಲಿಗೆ ಕಾದು ಬಂದ ದುಡ್ಡು ಆ ಒಂದು ಸಾಲಿಗೆ ಸರಿ. ಇದನ್ನು ಕೊಡಲ್ಲ ಅನ್ನಿ. ಮುಗಿಯಿತು. ಕಾರಣ ಹೇಳಬೇಕಾದವರು ನೀವಲ್ಲ.

ಅದರ ಕೆಳಗೆ ಬೇಸಿಕ್ ಕಿಟ್, ಟೆಫ್ಲಾನ್ ಕೋಟಿಂಗ್, ದಾರಿಯಲ್ಲಿ ಕೆಟ್ಟರೆ ನೆರವಿಗೆ ಆರ್‌ಎಸ್‌ಎ, ಎಕ್ಸ್‌ಟೆಂಡೆಡ್ ವಾರಂಟಿ ಅಂತ ಮೆರವಣಿಗೆ. ಬೇಕಾದದ್ದಕ್ಕೆ ಟಿಕ್ಕು, ಬೇಡದ್ದಕ್ಕೆ ಗೀಟು. ಕಾಲೊರಸು, ಮಡ್‌ಫ್ಲ್ಯಾಪ್, ಗಾಡಿ ಹೊದಿಸುವ ಕವರು ಇವು ಕೊಸರಿನ ಸಾಮಾನುಗಳು, ದುಡ್ಡು ಕೊಟ್ಟು ಕೊಳ್ಳುವಂಥವಲ್ಲ. ಆದರೆ ಕೊಸರಿಗೂ ಒಂದು ಕ್ರಮವಿದೆ. ಐದು ಸಾವಿರದ ಸೀಟು ಕವರು ಬಿಟ್ಟಿಯಾಗಿ ಸಿಕ್ಕಿತೆಂದು ಹಿಗ್ಗಿ, ಇಪ್ಪತ್ತು ಸಾವಿರದ ಡಿಸ್ಕೌಂಟ್ ಕೇಳುವುದನ್ನು ಮರೆಯಬಾರದು. ಮೊದಲು ದುಡ್ಡು, ಆಮೇಲೆ ಕವರು, ಕೊನೆಗೆ ಡ್ಯಾಶ್‌ಬೋರ್ಡಿನ ಗಣೇಶ.

ಹುಡುಗ ‘ಮ್ಯಾನೇಜರ್ ಹತ್ರ ಮಾತಾಡ್ಕೊಂಡ್ ಬರ್ತೀನಿ ಸಾರ್’ ಅಂತ ಗಾಜಿನ ಕೋಣೆಗೆ ಹೋಗುವ ನಾಟಕವಿದೆ. ನಮಗೆ ಕಾಣುವ ಹಾಗೆಯೇ ನಿಂತು ಕೈ ಆಡಿಸುತ್ತಾನೆ, ಮ್ಯಾನೇಜರು ತಲೆ ಅಲ್ಲಾಡಿಸುತ್ತಾರೆ. ಒಳಗೆ ಅವರು ಮಧ್ಯಾಹ್ನದ ಊಟಕ್ಕೆ ಬಿರಿಯಾನಿಯೋ ಮುದ್ದೆಯೋ ಅಂತ ಮಾತಾಡಿದರೂ ನಮಗೆ ಕೇಳುವುದಿಲ್ಲ. ಹೊರಗೆ ಬಂದು, ‘ನಿಮಗೋಸ್ಕರ ಅಂತ ಮೂರು ಸಾವಿರ ಬಿಡಿಸಿದೀನಿ, ಯಾರಿಗೂ ಹೇಳ್ಬೇಡಿ’ ಅನ್ನುತ್ತಾನೆ. ಟವೆಲ್ ಇಲ್ಲ ಅಂದರಲ್ಲ ದೊಡ್ಡಪ್ಪ, ಆ ಗಾಜಿನ ಕೋಣೆಯೇ ಅವರ ಟವೆಲ್ಲು. ನಮ್ಮ ಟವೆಲ್ಲು ಇನ್ನೊಂದು ಶೋರೂಮಿನ ಕೊಟೇಷನ್. ಅದನ್ನು ಜೇಬಿನಲ್ಲಿ ಅರ್ಧ ಕಾಣುವ ಹಾಗೆ ಇಟ್ಟುಕೊಂಡರೆ ಸಾಕು.

ಈ ವಿಷಯದಲ್ಲಿ ದೇವರು ನಮ್ಮ ಜಿಲ್ಲೆಯನ್ನು ಒಳ್ಳೇ ಜಾಗದಲ್ಲಿ ಇಟ್ಟಿದ್ದಾನೆ. ಮದ್ದೂರಿನವರಿಗೆ ಒಂದು ಕಡೆ ಮಂಡ್ಯ, ಇನ್ನೊಂದು ಕಡೆ ಬೆಂಗಳೂರು. ಮಳವಳ್ಳಿಯವರಿಗಂತೂ ಮಂಡ್ಯ, ಮೈಸೂರು, ಕನಕಪುರದ ಮೇಲೆ ಬೆಂಗಳೂರು, ಮೂರು ದಾರಿ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೈಪಾಸಿನಲ್ಲಿ ಕಾರುಗಳು ಸುಯ್ಯೆಂದು ಹೋಗಿ ಮದ್ದೂರು ವಡೆಯವರ ಹೊಟ್ಟೆ ಉರಿಸಿದ್ದು ನಿಜ. ಅದೇ ದಾರಿ ನಮಗೆ ಎರಡು ನಗರಗಳ ಶೋರೂಮನ್ನು ಹತ್ತಿರ ತಂದಿತು ಅನ್ನುವುದೂ ನಿಜ. ತೆರಿಗೆ ರಾಜ್ಯದೊಳಗೆ ಎಲ್ಲ ಕಡೆ ಒಂದೇ, ಹಾಗಾಗಿ ಬೆಲೆ ಬೇರೆಯಾದರೆ ಅದು ಡೀಲರಿನ ಕೈಚಳಕ. ಮೈಸೂರಿನಲ್ಲಿ ಕೊಂಡರೆ ಕೆಎ 11 ನಂಬರು ಸಿಗುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಗಾಡಿ ಎಲ್ಲಿ ಕೊಂಡರೂ ನಿಮ್ಮೂರ ವಿಳಾಸಕ್ಕೆ ಮಂಡ್ಯದ ಆರ್‌ಟಿಒದಲ್ಲೇ ನೋಂದಣಿ ಮಾಡಿಸಬಹುದು. ಮೂರು ಕಡೆಯ ಕಾಗದ ಹರಡಿಕೊಂಡು, ಸಾಲಿಗೆ ಸಾಲು ಹೋಲಿಸಿ, ಕೊನೆಯ ಆನ್‌ರೋಡ್ ಮೊತ್ತ ಒಂದನ್ನೇ ಹಿಡಿದು ಮಾತಾಡಿ. ಒಂದು ಸಾಲಿನಲ್ಲಿ ಬಿಟ್ಟದ್ದನ್ನು ಇನ್ನೊಂದು ಸಾಲಿನಲ್ಲಿ ತುಂಬಿಕೊಳ್ಳುವುದು ಅವರಿಗೆ ಕರತಲಾಮಲಕ.

ಕಾಲ ನೋಡಿ ಹೋಗುವುದೂ ಒಂದು ವಿದ್ಯೆ. ಆಯುಧಪೂಜೆ, ಅಕ್ಷಯ ತೃತೀಯದ ಹೊತ್ತಿಗೆ ಹೋದರೆ ಹುಡುಗನಿಗೆ ನಿಮ್ಮ ಮುಖ ನೋಡಲೂ ಪುರಸೊತ್ತಿಲ್ಲ. ಆಷಾಢದಲ್ಲಿ ಹೋಗಿ, ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತಾನೆ. ನಮ್ಮಲ್ಲಿ ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕಾರಂತೂ ಇಲ್ಲವೇ ಇಲ್ಲ. ಶೋರೂಮಿನವರು ‘ಆಷಾಢ ಆಫರ್’ ಅಂತ ಬ್ಯಾನರ್ ಕಟ್ಟುವುದು ಈ ಮಡಿವಂತಿಕೆಗೇ. ಮಡಿಯೂ ಉಳಿಯಬೇಕು, ದುಡ್ಡೂ ಉಳಿಯಬೇಕು ಅಂದರೆ ಬಿಲ್ಲು ಆಷಾಢದಲ್ಲಿ, ಪೂಜೆ ಶ್ರಾವಣದಲ್ಲಿ. ಬುಕ್ ಮಾಡಿ ಸುಮ್ಮನಿದ್ದರೆ ಸಾಲದು. ಆಫರ್ ಸಾಮಾನ್ಯವಾಗಿ ಬಿಲ್ಲಾದ ತಿಂಗಳಿಗೆ ಸಲ್ಲುತ್ತದೆ. ತಿಂಗಳ ಕೊನೆಯ ದಿನಗಳೂ ಒಳ್ಳೆಯವೇ, ಹುಡುಗನ ಟಾರ್ಗೆಟ್ಟಿಗೆ ಒಂದು ಗಾಡಿ ಕಮ್ಮಿಯಿರುತ್ತದೆ. ಡಿಸೆಂಬರಿನಲ್ಲಿ ಆ ವರ್ಷದ ಗಾಡಿ ಖಾಲಿ ಮಾಡುವ ಆತುರ. ಆಗ ಒಳ್ಳೇ ದರ ಸಿಗುತ್ತದೆ, ಆದರೆ ಜನವರಿಗೆ ಅದು ಕಾಗದದಲ್ಲಿ ಒಂದು ವರ್ಷ ಹಳೆಯದು. ಮುಂದೆ ಮಾರುವ ದಿನವನ್ನು ನೆನೆದು ಈಗಲೇ ಇನ್ನಷ್ಟು ಕಮ್ಮಿ ಮಾಡಿಸಿ. ಜನ ಆರು ತಿಂಗಳು ಸಾಲು ನಿಂತು ಕಾಯುವ ಗಾಡಿಗೆ ಮಾತ್ರ ಯಾವ ಮಾಸವೂ ಕೆಲಸ ಮಾಡುವುದಿಲ್ಲ. ಅಲ್ಲಿ ವಿಮೆ, ಹ್ಯಾಂಡ್ಲಿಂಗ್ ಇಷ್ಟರಲ್ಲೇ ನಿಮ್ಮ ಆಟ.

ಆಫರುಗಳೂ ಜಾತಿವಾರು ಇರುತ್ತವೆ. ಸರ್ಕಾರಿ ನೌಕರರಿಗೊಂದು, ಮೇಷ್ಟ್ರಿಗೊಂದು, ಹಳೇ ಗಿರಾಕಿಗೊಂದು, ಹಳ್ಳಿಯವರಿಗೊಂದು. ಹಳ್ಳಿಯ ಆಫರಿಗೆ ‘ಪಹಣಿ ಇದ್ಯಾ ಸಾರ್’ ಅಂತ ಕೇಳುವವರೂ ಇದ್ದಾರೆ. ಮಂಡ್ಯದವರನ್ನು ಪಹಣಿ ಇದ್ಯಾ ಅಂತ ಕೇಳುವುದೇ! ಹತ್ತು ಗುಂಟೆಗೆ ಹನ್ನೆರಡು ಜನರ ಹೆಸರಿರುವ ಪಹಣಿ ನಮ್ಮ ಬೀರುವಿನಲ್ಲಿ ಆಧಾರ್ ಕಾರ್ಡಿಗಿಂತ ಮೇಲಿನ ಅಂತಸ್ತಿನಲ್ಲಿದೆ. ಇರುವ ಆಫರುಗಳ ಪಟ್ಟಿಯನ್ನು ಅವರಾಗಿ ಓದುವುದಿಲ್ಲ, ನೀವೇ ಕೇಳಬೇಕು. ಹಳೇ ಗಾಡಿ ಎಕ್ಸ್‌ಚೇಂಜ್ ಕೊಡುವವರು ಅದರ ಬೆಲೆ ಬೇರೆ, ಬೋನಸ್ ಬೇರೆ ಅಂತ ಎರಡು ಅಂಕಿ ಬರೆಸಿಕೊಳ್ಳಿ. ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿ ಬಡಿಸಿದರೆ ಯಾವುದರಲ್ಲಿ ಕಲ್ಲಿತ್ತು ಅಂತ ಗೊತ್ತಾಗುವುದಿಲ್ಲ.

ಸಾಲದ ಮೇಜು ಇನ್ನೊಂದು. ‘ತಿಂಗಳಿಗೆ ಎಷ್ಟು ಕಟ್ತೀರಾ ಸಾರ್?’ ಅನ್ನುವ ಪ್ರಶ್ನೆಗೆ ಉತ್ತರವನ್ನೇ ಕೊಡಬೇಡಿ. ನೀವು ಹೇಳಿದ ಅಂಕಿಗೆ ಸರಿಯಾಗಿ ವರ್ಷ ಎಳೆದು ಕೊಡುತ್ತಾರೆ, ಕಂತು ಚಿಕ್ಕದಾಗುತ್ತದೆ, ಬಡ್ಡಿ ಬೆಳೆಯುತ್ತದೆ. ಶೇ 7 ಮಾತ್ರ ಅಂದರೆ ಫ್ಲಾಟೋ ರೆಡ್ಯೂಸಿಂಗೋ ಕೇಳಿ. ಐದು ವರ್ಷಕ್ಕೆ ಫ್ಲಾಟ್ ಶೇ 7 ಅಂದರೆ ಉಳಿದ ಅಸಲಿನ ಮೇಲಿನ ಲೆಕ್ಕದಲ್ಲಿ ಸುಮಾರು ಶೇ 12.5 ಆಗುತ್ತದೆ. ನಿಮ್ಮ ಖಾತೆಯಿರುವ ಬ್ಯಾಂಕಿನಲ್ಲಿ ಮೊದಲೇ ಒಂದು ದರ ಕೇಳಿಕೊಂಡು ಹೋಗಿ.

ಇಷ್ಟೆಲ್ಲ ಹೇಳಿದೆನೆಂದು ಆ ಟೈ ಕಟ್ಟಿದ ಹುಡುಗನನ್ನು ಶತ್ರು ಮಾಡಿಕೊಳ್ಳಬೇಡಿ. ಅವನೂ ಪಕ್ಕದ ಊರಿನ ರೈತನ ಮಗನೇ. ಗಾಡಿ ಮಾರಿದ್ದರಲ್ಲಿ ಡೀಲರಿಗೆ ಉಳಿಯುವುದು ದೊಡ್ಡ ಮೊತ್ತವಲ್ಲ. ವಿಮೆ, ಸಾಲ, ಅಲಂಕಾರ, ಸರ್ವಿಸ್ಸು ಇವುಗಳ ಮೇಲೇ ಅಂಗಡಿ ನಿಂತಿದೆ. ನಾಳೆ ಬ್ರೇಕು ಕಿರುಗುಟ್ಟಿದಾಗ ಹೋಗಬೇಕಾದದ್ದೂ ಅಲ್ಲಿಗೇ. ಅವನಿಗೆ ನಾಲ್ಕು ಕಾಸು ಉಳಿಯಲಿ, ನಮಗೆ ಮೋಸವಾಗದಿರಲಿ. ನ್ಯಾಯದ ವ್ಯಾಪಾರ ಅಂದರೆ ಅಷ್ಟೇ. ಕೂಗಾಡುವವನಿಗಿಂತ ನಗುತ್ತಾ ‘ಇನ್ನೊಂದು ಸಲ ಕೂಡಿ ನೋಡಪ್ಪ’ ಅನ್ನುವವನಿಗೇ ಬೆಲೆ ಹೆಚ್ಚು ಇಳಿಯುವುದು.

ಡೆಲಿವರಿಯ ದಿನ ದೊಡ್ಡ ರಟ್ಟಿನ ಬೀಗದಕೈ ಹಿಡಿಸಿ, ಹಾರ ಹಾಕಿಸಿ, ಫೋಟೋ ತೆಗೆಯುತ್ತಾರೆ. ಅದು ವಾಟ್ಸಾಪ್ ಸ್ಟೇಟಸ್ಸಿಗೆ ಹೋಗುವ ಮುಂಚೆ, ಇನ್ನೂ ಹೇಳಬೇಕೆಂದರೆ ಪೂರ್ತಿ ದುಡ್ಡು ಕಟ್ಟುವ ಮುಂಚೆ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಸುತ್ತು ಹಾಕಿ. ಬಣ್ಣ ಎಲ್ಲ ಬಾಗಿಲಿನಲ್ಲೂ ಒಂದೇ ಇದೆಯೇ? ಮೀಟರು ಎಷ್ಟು ಕಿಲೋಮೀಟರ್ ತೋರಿಸುತ್ತದೆ? ಚಾಸಿ ನಂಬರು ಬಿಲ್ಲಿನಲ್ಲಿರುವುದೇ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1225 ಅಂದರೆ 2025ರ ಹನ್ನೆರಡನೇ ವಾರದ ಟೈರು. ಎತ್ತಿನ ಹಲ್ಲು ಓದಿದ ಕಣ್ಣಿಗೆ ಇದೇನು ಮಹಾ! ನಿಂಬೆಹಣ್ಣು ಚಕ್ರದ ಕೆಳಗೆ ಇಡುವುದು ಇವೆಲ್ಲ ಆದ ಮೇಲೆ.

ಕೊನೆಗೆ ಒಂದೇ ಮಾತು. ಸಂಚಕಾರ ಕೊಡುವ ಮುಂಚೆ ಆನ್‌ರೋಡ್ ದರ, ಡಿಸ್ಕೌಂಟ್, ಕೊಸರಿನ ಪಟ್ಟಿ, ಗಾಡಿ ತಯಾರಾದ ತಿಂಗಳು, ಡೆಲಿವರಿ ತಾರೀಖು, ಬೇಡವೆಂದರೆ ಮುಂಗಡ ವಾಪಸು ಬರುವ ಷರತ್ತು, ಇಷ್ಟನ್ನೂ ಕಾಗದದ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ರಸೀದಿಯಿಲ್ಲ. ಕೊಟ್ಟ ಮಾತಿಗೆ ತಪ್ಪಿದರೆ ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲೆಯಲ್ಲೇ ಗ್ರಾಹಕರ ಆಯೋಗವೂ ಇದೆ. ಬರೆದುಕೊಡಲು ಒಪ್ಪದಿದ್ದರೆ ಅಷ್ಟು ದೂರವೂ ಹೋಗಬೇಕಿಲ್ಲ, ಪಕ್ಕದ ಶೋರೂಮಿಗೆ ಹೋದರೆ ಸಾಕು.